ಒಂದೇ ಅಮಾವಾಸ್ಯೆ, ಎರಡು ದೀಪಾವಳಿ: ಪಂಚಾಂಗದೊಳಗಿನ ವಿಜ್ಞಾನ ಮತ್ತು ಧರ್ಮ

2024ರ ದೀಪಾವಳಿ ಹತ್ತಿರವಾದಾಗ ಮನೆಮನೆಯಲ್ಲೂ ಒಂದೇ ಗೊಂದಲ. ಲಕ್ಷ್ಮೀಪೂಜೆ ಅಕ್ಟೋಬರ್ 31ರ ಸಂಜೆಗೋ, ನವೆಂಬರ್ 1ರ ಸಂಜೆಗೋ? ಒಂದು ಕ್ಯಾಲೆಂಡರ್ 31 ಎಂದಿತು, ಇನ್ನೊಂದು 1 ಎಂದಿತು. ಸಂಕ್ರಾಂತಿ 14ಕ್ಕೋ 15ಕ್ಕೋ, ಏಕಾದಶಿ ಇವತ್ತೋ ನಾಳೆಯೋ ಎಂಬ ಪ್ರಶ್ನೆಗಳೂ ಆಗಾಗ ಹೀಗೆಯೇ ಏಳುತ್ತವೆ. ಆಗೆಲ್ಲ ಎರಡು ಮಾತು ಕೇಳಿಬರುತ್ತವೆ. "ವಿಜ್ಞಾನದ ಪ್ರಕಾರ ಪಂಚಾಂಗವೇ ತಪ್ಪು" ಎನ್ನುವುದು ಒಂದು. "ಧರ್ಮದ ವಿಷಯಕ್ಕೆ ವಿಜ್ಞಾನ ಬರಬಾರದು" ಎನ್ನುವುದು ಇನ್ನೊಂದು. ಪಂಚಾಂಗದ ಒಳಗೆ ಏನಿದೆ ಎಂದು ಬಿಡಿಸಿ ನೋಡಿದರೆ ಎರಡೂ ನಿಲ್ಲುವುದಿಲ್ಲ.

ವಿಜ್ಞಾನ ಮತ್ತು ಧರ್ಮದ ಸಂಬಂಧದ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಬಿಟ್ಟು, ನಮ್ಮ ಗೋಡೆಗೆ ತೂಗುಹಾಕಿರುವ ಈ ಒಂದು ವಸ್ತುವನ್ನು ಹಿಡಿದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಇಲ್ಲಿ ಎರಡೂ ಒಂದೇ ಪುಟದಲ್ಲಿ, ಒಂದೇ ಸಾಲಿನಲ್ಲಿ ಇವೆ.

ಒಂದು ಸಾಲಿನಲ್ಲಿ ಮೂರು ಪ್ರಶ್ನೆ

"ಈ ದಿನ ಈ ಹಬ್ಬ" ಎಂದು ಪಂಚಾಂಗ ಬರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರಬೇಕು.

ಸೂರ್ಯ, ಚಂದ್ರರು ಈ ಕ್ಷಣದಲ್ಲಿ ಎಲ್ಲಿದ್ದಾರೆ? ಇದಕ್ಕೆ ಆಕಾಶವೇ ಉತ್ತರ ಕೊಡುತ್ತದೆ. ಲೆಕ್ಕ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ಅಳೆದು ನೋಡಬಹುದು.

ಆ ಸ್ಥಾನವನ್ನು ಎಲ್ಲಿಂದ ಎಣಿಸಬೇಕು? ಅಂದರೆ ಮೇಷರಾಶಿ ಯಾವ ಬಿಂದುವಿನಲ್ಲಿ ಶುರು? ಆಕಾಶದಲ್ಲಿ ಯಾರೂ ಗೆರೆ ಎಳೆದಿಟ್ಟಿಲ್ಲ. ಇದು ಒಪ್ಪಂದದ ವಿಷಯ.

ಲೆಕ್ಕವೆಲ್ಲ ಮುಗಿದ ಮೇಲೆ, ಹಬ್ಬವನ್ನು ಯಾವ ದಿನ ಮಾಡಬೇಕು? ಇದಕ್ಕೆ ಉತ್ತರ ಧರ್ಮಶಾಸ್ತ್ರದಲ್ಲಿ ಮತ್ತು ಆಯಾ ಮಠ, ಮನೆತನಗಳ ಸಂಪ್ರದಾಯದಲ್ಲಿದೆ.

ಮೊದಲನೆಯದಕ್ಕೆ ಮೂರನೆಯದರ ಉತ್ತರ ಕೊಟ್ಟಾಗ, ಮೂರನೆಯದಕ್ಕೆ ಮೊದಲನೆಯದರ ಉತ್ತರ ಕೊಟ್ಟಾಗ ಜಗಳ ಹುಟ್ಟುತ್ತದೆ.

ತಿಥಿ ಎಂದರೆ ಕೋನ

ಪಂಚಾಂಗದ ಐದು ಅಂಗಗಳು ತಿಥಿ, ವಾರ, ನಕ್ಷತ್ರ, ಯೋಗ, ಕರಣ. ವಾರ ಬಿಟ್ಟರೆ ಉಳಿದ ನಾಲ್ಕೂ ಕೋನಗಳೇ. ಭೂಮಿಯಿಂದ ನೋಡಿದಾಗ ಚಂದ್ರ ಸೂರ್ಯನಿಂದ ಎಷ್ಟು ಮುಂದೆ ಸರಿದಿದ್ದಾನೆ ಎಂಬುದನ್ನು 12 ಅಂಶಗಳ ತುಂಡುಗಳಾಗಿ ಎಣಿಸಿದರೆ ಅದು ತಿಥಿ. ಸೊನ್ನೆಯಿಂದ 12 ಅಂಶದವರೆಗೆ ಶುಕ್ಲ ಪಾಡ್ಯ, 24ರವರೆಗೆ ಬಿದಿಗೆ, 180 ಅಂಶ ತುಂಬಿದಾಗ ಹುಣ್ಣಿಮೆ ಮುಗಿಯುತ್ತದೆ, 360 ತುಂಬಿದಾಗ ಅಮಾವಾಸ್ಯೆ. ತಿಥಿಯ ಅರ್ಧ, ಅಂದರೆ 6 ಅಂಶ, ಒಂದು ಕರಣ. ಚಂದ್ರನ ಸ್ಥಾನವನ್ನೇ 13 ಅಂಶ 20 ಕಲೆಯ (ಒಂದು ಅಂಶಕ್ಕೆ 60 ಕಲೆ) ತುಂಡುಗಳಾಗಿ ಎಣಿಸಿದರೆ ನಕ್ಷತ್ರ. ಸೂರ್ಯ, ಚಂದ್ರರ ಸ್ಥಾನಗಳನ್ನು ಕೂಡಿಸಿ ಅದೇ 13 ಅಂಶ 20 ಕಲೆಯಿಂದ ಭಾಗಿಸಿದರೆ ಯೋಗ.

30 ತಿಥಿಗಳಿಗೆ ಸರಾಸರಿ 29.53 ದಿನ ಬೇಕು. ಹಾಗಾಗಿ ಒಂದು ತಿಥಿಗೆ ಸರಾಸರಿ 23 ಗಂಟೆ 37 ನಿಮಿಷ. ಆದರೆ ಚಂದ್ರನ ವೇಗ ಒಂದೇ ಸಮನಿಲ್ಲ. ಭೂಮಿಗೆ ಹತ್ತಿರ ಬಂದಾಗ ದಿನಕ್ಕೆ 15 ಅಂಶಕ್ಕೂ ಹೆಚ್ಚು ಓಡುತ್ತಾನೆ, ದೂರ ಹೋದಾಗ 12ಕ್ಕಿಂತ ಸ್ವಲ್ಪ ಕಡಿಮೆ. ಆದ್ದರಿಂದ ತಿಥಿ ಸುಮಾರು 20 ಗಂಟೆಯಷ್ಟು ಚಿಕ್ಕದೂ ಆಗಬಹುದು, 27 ಗಂಟೆಗೆ ಹತ್ತಿರ ಬರುವಷ್ಟು ದೊಡ್ಡದೂ ಆಗಬಹುದು. ಚಿಕ್ಕ ತಿಥಿ ಎರಡು ಸೂರ್ಯೋದಯಗಳ ನಡುವೆಯೇ ಶುರುವಾಗಿ ಮುಗಿದರೆ ಅದು ಕ್ಷಯ ತಿಥಿ, ಆ ಹೆಸರಿನ ದಿನವೇ ಇರುವುದಿಲ್ಲ. ದೊಡ್ಡದು ಎರಡು ಸೂರ್ಯೋದಯಗಳನ್ನು ಮುಟ್ಟಿದರೆ ವೃದ್ಧಿ ತಿಥಿ, ಎರಡು ದಿನ ಒಂದೇ ಹೆಸರು.

2024ರ ಆ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ಕ್ಕೆ ಶುರುವಾಗಿ ನವೆಂಬರ್ 1ರ ಸಂಜೆ 6.16ಕ್ಕೆ ಮುಗಿಯಿತು. ಒಟ್ಟು 26 ಗಂಟೆ 24 ನಿಮಿಷ. 24 ನಿಮಿಷಕ್ಕೆ ಒಂದು ಘಳಿಗೆಯಂತೆ 66 ಘಳಿಗೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಹಳೆಯ ಲೆಕ್ಕ ಎಡವುವ ಜಾಗ

ನಮ್ಮಲ್ಲಿ ಎರಡು ಬಗೆಯ ಪಂಚಾಂಗಗಳಿವೆ. ಸೂರ್ಯಸಿದ್ಧಾಂತ, ಗ್ರಹಲಾಘವ ಮೊದಲಾದ ಹಳೆಯ ಗ್ರಂಥಗಳ ಅಂಕಿಗಳನ್ನು ಇದ್ದ ಹಾಗೆಯೇ ಬಳಸುವವು ಒಂದು. ತಮಿಳುನಾಡಿನ ಕಡೆ ಈ ಬಗೆಯದಕ್ಕೆ ವಾಕ್ಯ ಪಂಚಾಂಗ ಎನ್ನುತ್ತಾರೆ. ಆಧುನಿಕ ಖಗೋಳ ಗಣಿತದಿಂದ ಲೆಕ್ಕ ಹಾಕಿ, ಕಣ್ಣಿಗೆ ಕಾಣುವ ಆಕಾಶಕ್ಕೆ ತಾಳೆಯಾಗುವಂತೆ ಮಾಡುವುದು ದೃಗ್ಗಣಿತ ಪಂಚಾಂಗ.

ಹಳೆಯ ಪದ್ಧತಿಯಲ್ಲಿ "ಬಾಣವೃದ್ಧಿ, ರಸಕ್ಷಯ" ಎಂಬ ನಿಯಮವಿದೆ. ಬಾಣ ಎಂದರೆ 5, ರಸ ಎಂದರೆ 6. ತಿಥಿ 60 ಘಳಿಗೆಗಿಂತ ಹೆಚ್ಚೆಂದರೆ 5 ಹೆಚ್ಚಾಗಬಹುದು, 6 ಕಡಿಮೆಯಾಗಬಹುದು. ಅಂದರೆ 54ರಿಂದ 65 ಘಳಿಗೆಯೊಳಗೆ ಇರಬೇಕು. ದೃಗ್ಗಣಿತದವರು ಇದಕ್ಕೆ "ಸಪ್ತವೃದ್ಧಿ, ದಶಕ್ಷಯ" ಎನ್ನುತ್ತಾರೆ. 50ರಿಂದ 67 ಘಳಿಗೆ. 66 ಘಳಿಗೆಯ ಅಮಾವಾಸ್ಯೆ ಹಳೆಯ ನಿಯಮದೊಳಗೆ ಹಿಡಿಸುವುದೇ ಇಲ್ಲ. ಆದರೂ ಚಂದ್ರ ಅಷ್ಟು ಹೊತ್ತು ತೆಗೆದುಕೊಂಡ.

ಯಾಕೆ ಹೀಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಇಡೀ ವಾದದ ಗಂಟು ಇಲ್ಲೇ ಇದೆ.

ಚಂದ್ರ ಒಂದೇ ವೇಗದಲ್ಲಿ ಸುತ್ತಿದ್ದರೆ ಎಲ್ಲಿರುತ್ತಿದ್ದನೋ ಅದು ಅವನ ಮಧ್ಯಮ ಸ್ಥಾನ. ನಿಜವಾದ ಚಂದ್ರ ಅದಕ್ಕಿಂತ ಹಿಂದೆ ಮುಂದೆ ಆಗುತ್ತಿರುತ್ತಾನೆ. ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ 6 ಅಂಶ 17 ಕಲೆ. ಇದರ ಮೇಲೆ ಸೂರ್ಯನ ಸೆಳೆತದಿಂದ ಇನ್ನೂ 1 ಅಂಶ 16 ಕಲೆಯವರೆಗೆ ಎರಡನೆಯ ವ್ಯತ್ಯಾಸ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಈ ಎರಡೂ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡಿ, ಉಳಿಯುವುದು ಸುಮಾರು 5 ಅಂಶ. ಅಷ್ಟಮಿಯ ಹೊತ್ತಿಗೆ ಎರಡೂ ಒಂದುಗೂಡಿ ಏಳೂವರೆ ಅಂಶ ದಾಟಬಹುದು.

ಹಳೆಯ ಸಿದ್ಧಾಂತಗಳು ಚಂದ್ರನಿಗೆ ಕೊಡುವ ತಿದ್ದುಪಡಿ ಒಂದೇ, ಹೆಚ್ಚೆಂದರೆ ಸುಮಾರು 5 ಅಂಶ. ಗ್ರಹಣಗಳಿಗೆ ತಾಳೆಯಾಗಬೇಕಾದರೆ ಬರಬೇಕಾದ ಅಂಕಿ ಅದೇ. ಗ್ರಹಣ ಆಗುವುದು ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾತ್ರ, ಅಲ್ಲಿ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. "ಹಳೆಯ ಲೆಕ್ಕದಲ್ಲಿ ಗ್ರಹಣ ಸರಿಯಾಗಿ ಬರುತ್ತದಲ್ಲ, ಹಾಗಾದರೆ ತಪ್ಪೆಲ್ಲಿ?" ಎಂದು ಕೇಳುವವರಿಗೆ ಇದೇ ಉತ್ತರ. ಗ್ರಹಣದ ದಿನ ಸರಿ, ಆದರೆ ಅಷ್ಟಮಿಯ ಹತ್ತಿರ ಎರಡೂವರೆ ಅಂಶದವರೆಗೆ ತಪ್ಪಬಹುದು. ಚಂದ್ರ ಸೂರ್ಯನಿಂದ ದೂರ ಸರಿಯುವ ವೇಗ ಗಂಟೆಗೆ ಸುಮಾರು ಅರ್ಧ ಅಂಶ. ಎರಡೂವರೆ ಅಂಶ ಎಂದರೆ 5 ಗಂಟೆ. ಕೃಷ್ಣಾಷ್ಟಮಿಯನ್ನೋ ಏಕಾದಶಿಯನ್ನೋ ಇನ್ನೊಂದು ದಿನಕ್ಕೆ ತಳ್ಳಲು ಅಷ್ಟು ಬೇಕಾದಷ್ಟಾಯಿತು.

ಆಕಾಶ ನೋಡಿ ತಿದ್ದಿ ಎಂದದ್ದು ಶಾಸ್ತ್ರವೇ

ಹಳೆಯ ಗ್ರಂಥಗಳನ್ನು ತಿದ್ದುವುದು ಧರ್ಮಕ್ಕೆ ವಿರುದ್ಧ ಎಂದು ಹೇಳುವವರು ಆ ಗ್ರಂಥಗಳನ್ನೇ ಒಮ್ಮೆ ತೆರೆದು ನೋಡಬೇಕು. ಗ್ರಹಗಳ ಲೆಕ್ಕ "ದೃಕ್ತುಲ್ಯ"ವಾಗುವ, ಅಂದರೆ ಕಂಡದ್ದಕ್ಕೆ ಸಮನಾಗುವ ವಿಧಾನವನ್ನು ಹೇಳುತ್ತೇನೆ ಎಂದು ಸೂರ್ಯಸಿದ್ಧಾಂತವೇ ಹೇಳಿಕೊಳ್ಳುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಒಂದು ವ್ಯತ್ಯಾಸ ಗುರುತಿಸಿದ. ಹಿಂದಿನ ಶಾಸ್ತ್ರಗಳಲ್ಲಿ ಉತ್ತರಾಯಣ ಧನಿಷ್ಠೆಯ ಆರಂಭದಲ್ಲಿ ಎಂದಿದೆ, ತನ್ನ ಕಾಲದಲ್ಲಿ ಅದು ಮಕರದ ಆರಂಭಕ್ಕೆ ಬಂದಿದೆ. ಹಿಂದಿನವರು ಸುಳ್ಳು ಹೇಳಿದರು ಎಂದು ಅವನು ಬರೆಯಲಿಲ್ಲ, ಅವರು ಹೇಳಿದ್ದೇ ಇಂದಿಗೂ ನಿಜ ಎಂದೂ ಬರೆಯಲಿಲ್ಲ. ಒಂದು ಕಾಲಕ್ಕೆ ಹಾಗಿದ್ದಿರಬೇಕು, ಈಗಿನದನ್ನು ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕು ಎಂದ. ಇದಕ್ಕಿಂತ ನೇರವಾದ ಮಾತು ಬೇಕೆ?

ಇದೇ ದಾರಿಯಲ್ಲಿ ನಡೆದವರು ಹಲವರು. ಚಂದ್ರನ ಆ ಎರಡನೆಯ ತಿದ್ದುಪಡಿಯನ್ನು 10ನೇ ಶತಮಾನದಲ್ಲೇ ಮುಂಜಾಲ ಕೊಟ್ಟಿದ್ದ. ಕೇರಳದ ಪರಮೇಶ್ವರ ಸುಮಾರು 55 ವರ್ಷ ಗ್ರಹಣಗಳನ್ನು ನೋಡಿ ಬರೆದಿಟ್ಟು, 1431ರಲ್ಲಿ ದೃಗ್ಗಣಿತ ಎಂಬ ಹೊಸ ಪದ್ಧತಿಯನ್ನೇ ಕಟ್ಟಿದ. ಒಡಿಶಾದ ಚಂದ್ರಶೇಖರ ಸಾಮಂತರು (1835–1904) ಮರ, ಬಿದಿರಿನಿಂದ ಮಾಡಿಕೊಂಡ ಉಪಕರಣಗಳಿಂದಲೇ ಚಂದ್ರನ ಚಲನೆಯ ಮೂರು ತಿದ್ದುಪಡಿಗಳನ್ನು ಗುರುತಿಸಿದರು. ಅವರ ಗಣಿತ ಪುರಿ ಜಗನ್ನಾಥ ದೇವಾಲಯದ ಆಚರಣೆಗಳಿಗೆ ಆಧಾರವಾಯಿತು. ಮದ್ರಾಸ್ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅಲ್ಲಿನ ದೂರದರ್ಶಕದಲ್ಲಿ ನಕ್ಷತ್ರ ನೋಡುತ್ತಿದ್ದರು, ದೃಗ್ಗಣಿತ ಪಂಚಾಂಗವನ್ನೂ ಹೊರತರುತ್ತಿದ್ದರು. 1874ರ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರ ಸೂರ್ಯಬಿಂಬದ ಮುಂದೆ ಹಾದುಹೋಗುವುದನ್ನು, ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಾಲಾ ಮುಖ್ಯೋಪಾಧ್ಯಾಯರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ (1854–1930) ಯುರೋಪಿನ ಹೊಸ ಕೋಷ್ಟಕಗಳನ್ನು ಸಂಸ್ಕೃತ ಶ್ಲೋಕಗಳಿಗೆ ಇಳಿಸಿ, ಪಂಚಾಂಗದವರು ಬಳಸಬಹುದಾದ ಹಾಗೆ ಮಾಡಿಕೊಟ್ಟರು.

ಎಲ್ಲರೂ ಹೀಗಿದ್ದರು ಎಂದಲ್ಲ. ಗ್ರಹಣ ನೆರಳಿನಿಂದ ಆಗುತ್ತದೆ ಎಂದು 499ರ ಸುಮಾರಿಗೆ ಆರ್ಯಭಟ ಬರೆದಿದ್ದ, ವರಾಹಮಿಹಿರನೂ ರಾಹು ನುಂಗುವುದಿಲ್ಲ ಎಂದಿದ್ದ. ಆದರೆ 628ರಲ್ಲಿ ಬ್ರಹ್ಮಗುಪ್ತ ರಾಹುವನ್ನು ಅಲ್ಲಗಳೆಯುವುದು ಶ್ರುತಿ ಸ್ಮೃತಿಗಳಿಗೆ ವಿರುದ್ಧ ಎಂದು ಆಕ್ಷೇಪಿಸಿದ. ವಿಶೇಷವೆಂದರೆ ಗ್ರಹಣದ ಲೆಕ್ಕ ಮಾತ್ರ ಅವನು ನೆರಳಿನಿಂದಲೇ ಹಾಕಿದ.

ಸಂಕ್ರಾಂತಿಯ ದಿನ ಉತ್ತರಾಯಣ ಶುರುವಾಗುವುದಿಲ್ಲ

ಡಿಸೆಂಬರ್ 21 ಅಥವಾ 22ರಂದು ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟು, ದಿನವೂ ನಡುಹಗಲಿನ ನೆರಳು ಅಳೆದರೆ ಸಾಕು, ಅದು ಅತಿ ಉದ್ದವಾಗುವುದು ಆ ದಿನಗಳಲ್ಲೇ. ಎಳ್ಳುಬೆಲ್ಲ ಹಂಚುವ ಮಕರ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ನಡುವೆ ಸುಮಾರು 24 ದಿನ.

ಬುಗುರಿ ತಿರುಗುತ್ತಾ ವೇಗ ಇಳಿದಾಗ ಅದರ ತಲೆ ನಿಧಾನವಾಗಿ ಸುತ್ತು ಹಾಕುವುದನ್ನು ಎಲ್ಲರೂ ನೋಡಿದ್ದೇವೆ. ಭೂಮಿಯ ಅಕ್ಷವೂ ಹೀಗೆ ಓಲಾಡುತ್ತಾ ಒಂದು ಸುತ್ತು ಬರಲು ಸುಮಾರು 25,800 ವರ್ಷ ತೆಗೆದುಕೊಳ್ಳುತ್ತದೆ. ಇದರಿಂದ ಋತುಗಳನ್ನು ನಿರ್ಧರಿಸುವ ಬಿಂದುಗಳು ನಕ್ಷತ್ರಗಳ ನಡುವೆ ವರ್ಷಕ್ಕೆ 50.3 ವಿಕಲೆಯಷ್ಟು (ಒಂದು ಕಲೆಗೆ 60 ವಿಕಲೆ) ಹಿಂದೆ ಸರಿಯುತ್ತವೆ. 72 ವರ್ಷಕ್ಕೆ ಸುಮಾರು ಒಂದು ಅಂಶ. ಇದೇ ಅಯನ ಚಲನೆ.

ಆದ್ದರಿಂದ ವರ್ಷಗಳೂ ಎರಡು. ಋತುಗಳ ಪ್ರಕಾರದ ಸಾಯನ ವರ್ಷ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು. ನಕ್ಷತ್ರಗಳ ಪ್ರಕಾರದ ನಿರಯನ ವರ್ಷ 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ನಡುವಿನ 20 ನಿಮಿಷ 71 ವರ್ಷದಲ್ಲಿ ಒಂದು ದಿನವಾಗುತ್ತದೆ. ಸೂರ್ಯಸಿದ್ಧಾಂತದ ವರ್ಷ ಇನ್ನೂ ಮೂರೂವರೆ ನಿಮಿಷ ಉದ್ದ, ಅದರಲ್ಲಿ 60 ವರ್ಷಕ್ಕೇ ಒಂದು ದಿನ ಜಾರುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅಂದು ಮಕರ ಸಂಕ್ರಾಂತಿ. ಈಗ 14, 15. ಮುಂದಿನ ಶತಮಾನದಲ್ಲಿ 15, 16. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನ ಇದ್ದವು. ನಿರಯನ ಲೆಕ್ಕವನ್ನೇ ಹಿಡಿದುಕೊಂಡು ಹೋದರೆ ಇನ್ನು ಸುಮಾರು 11,000 ವರ್ಷಗಳ ಹೊತ್ತಿಗೆ ಮಕರ ಸಂಕ್ರಾಂತಿ ಜೂನ್ ತಿಂಗಳ ಋತುವಿನಲ್ಲಿ ಇರುತ್ತದೆ. ತುಳುನಾಡಿನ ಬಿಸು, ಕೇರಳದ ವಿಷು ಏಪ್ರಿಲ್ ನಡುವಿನಲ್ಲಿ ಬರುವುದಕ್ಕೂ ಕಾರಣ ಇದೇ. ಹಗಲು ರಾತ್ರಿ ಸಮವಾಗುವುದು ಮಾರ್ಚ್ 20ರ ಹೊತ್ತಿಗೇ ಮುಗಿದಿರುತ್ತದೆ.

ಅಯನ ಬಿಂದು 27 ಅಂಶದವರೆಗೆ ಸರಿದು, ಆಮೇಲೆ ಹಿಂದಿರುಗುತ್ತದೆ ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಹಾಗಾದರೆ ತಿದ್ದಬೇಕಾದ್ದೇ ಇಲ್ಲ, ತಾನಾಗಿ ಸರಿಹೋಗುತ್ತದೆ. ಆದರೆ ಸೂರ್ಯ, ಚಂದ್ರರ ಸೆಳೆತ ಭೂಮಿಯ ಉಬ್ಬಿದ ನಡುವಿನ ಮೇಲೆ ಬೀಳುವುದರಿಂದ ಈ ಚಲನೆ ಆಗುತ್ತದೆ ಎಂದು 1687ರಲ್ಲಿ ನ್ಯೂಟನ್ ತೋರಿಸಿದ. ಅದು ಹಿಂದಿರುಗುವುದಿಲ್ಲ, ಪೂರಾ ಸುತ್ತು ಬರುತ್ತದೆ. ಈಗಿನ ಅಂತರ 24 ಅಂಶಕ್ಕಿಂತ ಸ್ವಲ್ಪ ಹೆಚ್ಚು. ಇನ್ನು ಸುಮಾರು 200 ವರ್ಷಗಳಲ್ಲಿ ಅದು 27ನ್ನು ದಾಟುತ್ತದೆ.

ಎಲ್ಲಿಂದ ಎಣಿಸಬೇಕು: ಅಯನಾಂಶ

ನಕ್ಷತ್ರಗಳ ಲೆಕ್ಕದ ಮೇಷಾರಂಭಕ್ಕೂ ಋತುಗಳ ಲೆಕ್ಕದ ಮೇಷಾರಂಭಕ್ಕೂ ಇರುವ ಈ ಅಂತರವೇ ಅಯನಾಂಶ. ಋತುಬಿಂದುವನ್ನು ಆಕಾಶದಲ್ಲಿ ಅಳೆಯಬಹುದು. ನಕ್ಷತ್ರಚಕ್ರದ ಶುರು ಎಲ್ಲಿ ಎಂಬುದನ್ನು ಮಾತ್ರ ಆರಿಸಿಕೊಳ್ಳಬೇಕು. ಚಿತ್ತಾ ನಕ್ಷತ್ರಕ್ಕೆ ಸರಿಯಾಗಿ ಎದುರಿನ ಬಿಂದುವೇ ಶುರು ಎಂದು ಕೇತಕರರ ಪಕ್ಷ. ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರು ಬಳಸಿದ ಅಯನಾಂಶ ಇದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ. ಕಾಗದದ ಮೇಲೆ ಇದು ಸಣ್ಣದು. ಆದರೆ ಸೂರ್ಯ ಒಂದೂವರೆ ಅಂಶ ಚಲಿಸಲು ಒಂದೂವರೆ ದಿನ ಬೇಕು, ಸಂಕ್ರಾಂತಿ ಅಷ್ಟು ಸರಿಯುತ್ತದೆ. ಚಂದ್ರನಿಗೆ ಎರಡೂವರೆ ಗಂಟೆಗೂ ಹೆಚ್ಚು ಬೇಕು, ನಕ್ಷತ್ರ ಮುಗಿಯುವ ಹೊತ್ತು ಅಷ್ಟು ಸರಿಯುತ್ತದೆ. ತಿಥಿ ಮಾತ್ರ ಒಂದು ಕ್ಷಣವೂ ಬದಲಾಗುವುದಿಲ್ಲ. ಅದು ಎರಡು ಸ್ಥಾನಗಳ ವ್ಯತ್ಯಾಸ, ಎಲ್ಲಿಂದ ಎಣಿಸಿದರೂ ವ್ಯತ್ಯಾಸ ಅಷ್ಟೇ.

ಸ್ವಾತಂತ್ರ್ಯ ಬಂದ ಮೇಲೆ ದೇಶದಲ್ಲಿ ಸುಮಾರು 30 ಬಗೆಯ ಕಾಲಗಣನೆಗಳು ಚಾಲ್ತಿಯಲ್ಲಿದ್ದವು. 1952ರ ನವೆಂಬರಿನಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು, ಕಾರ್ಯದರ್ಶಿ ಎನ್.ಸಿ. ಲಾಹಿರಿ. ಸಮಿತಿಯಲ್ಲಿ ಗಣಿತ ಬಲ್ಲವರೂ ಪಂಚಾಂಗದ ಪಂಡಿತರೂ ಇದ್ದರು. 1955ರಲ್ಲಿ ವರದಿ ಬಂತು. ಆಡಳಿತಕ್ಕೆ ಋತುಗಳನ್ನು ಅನುಸರಿಸುವ ರಾಷ್ಟ್ರೀಯ ಕಾಲಗಣನೆ ಬಂತು. 1957ರ ಮಾರ್ಚ್ 22 ಎಂದರೆ ಶಕ 1879ರ ಚೈತ್ರ 1. ಧಾರ್ಮಿಕ ಬಳಕೆಗೆ ನಕ್ಷತ್ರದ ಎಣಿಕೆ ಉಳಿಯಿತು, ಚಿತ್ತಾ ಪಕ್ಷದ ಅಯನಾಂಶ 1956ರ ಮಾರ್ಚ್ 21ಕ್ಕೆ 23 ಅಂಶ 15 ಕಲೆ ಎಂದು ನಿಗದಿಯಾಯಿತು. ಇದನ್ನೇ ಈಗ ಲಾಹಿರಿ ಅಯನಾಂಶ ಎನ್ನುತ್ತಾರೆ. ಕೇಂದ್ರ ಸರ್ಕಾರ ಹೊರತರುವ ರಾಷ್ಟ್ರೀಯ ಪಂಚಾಂಗಕ್ಕೆ ಇದೇ ಆಧಾರ.

ರಾಷ್ಟ್ರೀಯ ಕಾಲಗಣನೆ ಗೆಜೆಟಿನ ಮೇಲ್ಪುಟದಲ್ಲಿ ಉಳಿಯಿತು, ಮನೆಗೆ ಬರಲಿಲ್ಲ. ಅಯನಾಂಶದ ಒಪ್ಪಂದ ಮಾತ್ರ ದೇಶದ ಬಹುಪಾಲು ದೃಗ್ಗಣಿತ ಪಂಚಾಂಗಗಳಲ್ಲಿ ನೆಲೆನಿಂತಿತು. ಸಹಾ ಸಮಿತಿಯ ಕೆಲಸದಲ್ಲಿ ಹೆಚ್ಚು ಬಾಳಿದ್ದು ಇದೇ.

ಲೆಕ್ಕ ಮುಗಿದ ಮೇಲೆ: ಯಾವ ದಿನ ಆಚರಣೆ?

ಈಗ ದೀಪಾವಳಿಯ ಗೊಂದಲ ಬಿಡಿಸಬಹುದು. ಹಬ್ಬಕ್ಕೆ ತಿಥಿ ಎಷ್ಟು ಮುಖ್ಯವೋ, ದಿನದ ಯಾವ ಹೊತ್ತಿನಲ್ಲಿ ಆ ತಿಥಿ ಇರಬೇಕು ಎಂಬುದೂ ಅಷ್ಟೇ ಮುಖ್ಯ. ಗಣೇಶ ಚತುರ್ಥಿ, ರಾಮನವಮಿಗೆ ಮಧ್ಯಾಹ್ನದಲ್ಲಿ ಇರಬೇಕು. ಶಿವರಾತ್ರಿಗೆ ನಡುರಾತ್ರಿ. ಶ್ರಾದ್ಧಕ್ಕೆ ಅಪರಾಹ್ನ. ಲಕ್ಷ್ಮೀಪೂಜೆಗೆ ಪ್ರದೋಷ, ಅಂದರೆ ಸೂರ್ಯಾಸ್ತದ ನಂತರದ ಹೊತ್ತು. ಈ ನಿಯಮಗಳನ್ನು ಕಲೆಹಾಕಿದ ಗ್ರಂಥಗಳಲ್ಲಿ ವಿಜಯನಗರ ಕಾಲದ ಮಾಧವಾಚಾರ್ಯರ ಕಾಲಮಾಧವ, 1612ರ ನಿರ್ಣಯಸಿಂಧು, 1790ರ ಧರ್ಮಸಿಂಧು ಮುಖ್ಯವಾದವು.

2024ರಲ್ಲಿ ಅಮಾವಾಸ್ಯೆ ಎರಡೂ ಸಂಜೆಗಳನ್ನು ಮುಟ್ಟಿತ್ತು. 31ರ ಪ್ರದೋಷ ಪೂರ್ತಿ ಅಮಾವಾಸ್ಯೆಯಲ್ಲಿತ್ತು, ರಾತ್ರಿಯೂ ಹಾಗೆಯೇ. 1ರ ಸಂಜೆ ಪ್ರದೋಷ ಶುರುವಾದ ಸ್ವಲ್ಪ ಹೊತ್ತಿಗೇ ಮುಗಿಯಿತು. ಮರುದಿನ ಸೂರ್ಯಾಸ್ತದ ಮೇಲೆ ಒಂದು ಘಳಿಗೆಗಿಂತ ಹೆಚ್ಚು ಅಮಾವಾಸ್ಯೆ ಇದ್ದರೆ ಆ ದಿನವೇ ಹಬ್ಬ, ಸಂದೇಹವಿಲ್ಲ ಎಂಬ ಅರ್ಥದ ಮಾತು ಧರ್ಮಸಿಂಧುವಿನಲ್ಲಿದೆ. ಕೋಲ್ಕತ್ತದಲ್ಲಿ ಅಂದು ಸೂರ್ಯ ಮುಳುಗಿದ್ದು 5 ಗಂಟೆಯ ಸುಮಾರಿಗೆ. ಅಲ್ಲಿ ಅಮಾವಾಸ್ಯೆ ಒಂದು ಗಂಟೆಗೂ ಹೆಚ್ಚು ಉಳಿದಿತ್ತು. ಬೆಂಗಳೂರಿನಲ್ಲಿ 6ಕ್ಕೆ ಆರೇಳು ನಿಮಿಷ ಇರುವಾಗ ಮುಳುಗಿದ, ಉಳಿದದ್ದು ಸುಮಾರು 22 ನಿಮಿಷ. ಒಂದು ಘಳಿಗೆ ಎಂದರೆ 24 ನಿಮಿಷ. ಇನ್ನೂ ಸೂಕ್ಷ್ಮ ಒಂದಿದೆ. ಸೂರ್ಯಾಸ್ತವನ್ನು ಬಿಂಬದ ಮೇಲಂಚು ಮರೆಯಾದಾಗ ಎಂದು, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಿ ಹಿಡಿಯುತ್ತೀರೋ, ಬಿಂಬದ ನಡುವು ದಿಗಂತ ಮುಟ್ಟಿದ ಶುದ್ಧ ಲೆಕ್ಕ ಹಿಡಿಯುತ್ತೀರೋ ಎಂಬುದರಲ್ಲೇ ಮೂರು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಘಳಿಗೆ ತುಂಬಿತೋ ಇಲ್ಲವೋ ಎಂಬುದು ಅಷ್ಟರಲ್ಲೇ ಅದಲುಬದಲಾಗುತ್ತದೆ.

ಚಂದ್ರನ ಸ್ಥಾನದ ಬಗ್ಗೆ ದೃಗ್ಗಣಿತದವರಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಚರ್ಚೆ ಇದ್ದದ್ದು ನಿಯಮದ ಅರ್ಥದ ಬಗ್ಗೆ. ಪೂರ್ಣ ವ್ಯಾಪ್ತಿ ಇರುವ ದಿನವೋ, ಎರಡನ್ನೂ ಮುಟ್ಟಿದಾಗ ಮುಂದಿನ ದಿನವೋ ಎಂಬುದನ್ನು ಯಾವ ದೂರದರ್ಶಕವೂ ತೀರ್ಮಾನಿಸಲಾರದು.

ಏಕಾದಶಿಯೂ ಇಂಥದ್ದೇ. ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆ ಹೊತ್ತಿನಲ್ಲಿ ದಶಮಿ ಇನ್ನೂ ಉಳಿದಿದ್ದರೆ ಮಾಧ್ವರು ಅಂದು ಉಪವಾಸ ಮಾಡದೆ ಮರುದಿನ ಮಾಡುತ್ತಾರೆ. ಸ್ಮಾರ್ತರಿಗೆ ಸೂರ್ಯೋದಯದಲ್ಲಿ ಏಕಾದಶಿ ಇದ್ದರೆ ಸಾಕು. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ದಿನ ಉಪವಾಸ ನಡೆದರೆ ಯಾರ ಗಣಿತವೂ ತಪ್ಪಾಗಿಲ್ಲ.

ಯುರೋಪಿನಲ್ಲಿ ಇದೇ ಪ್ರಶ್ನೆ

ವಿಜ್ಞಾನ ಮತ್ತು ಧರ್ಮ ಸದಾ ಯುದ್ಧದಲ್ಲಿವೆ ಎಂಬ ಕಲ್ಪನೆ ಬಲವಾದದ್ದು 19ನೇ ಶತಮಾನದಲ್ಲಿ, ಅಮೆರಿಕದ ಜಾನ್ ವಿಲಿಯಂ ಡ್ರೇಪರ್ (1874) ಮತ್ತು ಆಂಡ್ರ್ಯೂ ಡಿಕ್ಸನ್ ವೈಟ್ (1896) ಅವರ ಪುಸ್ತಕಗಳಿಂದ. ನಂತರದ ವಿಜ್ಞಾನ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಭೌತಶಾಸ್ತ್ರ, ದೇವತಾಶಾಸ್ತ್ರ ಎರಡನ್ನೂ ಓದಿದ್ದ ಇಯಾನ್ ಬಾರ್ಬರ್ ಈ ಸಂಬಂಧವನ್ನು ಸಂಘರ್ಷ, ಪ್ರತ್ಯೇಕತೆ, ಸಂವಾದ, ಸಮನ್ವಯ ಎಂದು ನಾಲ್ಕಾಗಿ ವಿಂಗಡಿಸಿದರು. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1997ರಲ್ಲಿ ಪ್ರತ್ಯೇಕತೆಯನ್ನು ಬಲವಾಗಿ ಮಂಡಿಸಿದರು. ಜಗತ್ತು ಹೇಗಿದೆ ಎಂಬುದು ವಿಜ್ಞಾನದ ಕ್ಷೇತ್ರ, ಬದುಕಿಗೆ ಅರ್ಥವೇನು, ಹೇಗೆ ನಡೆಯಬೇಕು ಎಂಬುದು ಧರ್ಮದ ಕ್ಷೇತ್ರ, ಎರಡೂ ಒಂದರ ಮೇಲೊಂದು ಬೀಳುವುದಿಲ್ಲ ಎಂದು.

ಪಂಚಾಂಗ ಈ ಯಾವ ಒಂದು ಖಾನೆಯಲ್ಲೂ ಪೂರ್ತಿ ಕೂರುವುದಿಲ್ಲ. ಈಸ್ಟರ್ ಹಬ್ಬದ ಕಥೆಯೂ ಹಾಗೆಯೇ. ಜೂಲಿಯನ್ ವರ್ಷ 11 ನಿಮಿಷ ಉದ್ದವಾಗಿದ್ದರಿಂದ 16ನೇ ಶತಮಾನದ ಹೊತ್ತಿಗೆ ವಸಂತ ವಿಷುವ 10 ದಿನ ಹಿಂದೆ ಸರಿದಿತ್ತು, ಅದನ್ನು ಆಧರಿಸಿ ಎಣಿಸುವ ಈಸ್ಟರ್ ತಪ್ಪುತ್ತಿತ್ತು. ಪೋಪ್ ಗ್ರೆಗರಿ ಖಗೋಳತಜ್ಞರನ್ನು ಕೂರಿಸಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಿದ. ಬೊಲೊನ್ಯಾದ ಸ್ಯಾನ್ ಪೆಟ್ರೋನಿಯೋ ಚರ್ಚಿನ ನೆಲದ ಮೇಲೆ ಖಗೋಳತಜ್ಞ ಕ್ಯಾಸಿನಿ 1655ರಲ್ಲಿ ಎಳೆಸಿದ ಗೆರೆಯ ಮೇಲೆ ಸೂರ್ಯನ ಬಿಸಿಲು ಬೀಳುವುದನ್ನು ಅಳೆದು ಖಗೋಳ ಸಂಶೋಧನೆ ನಡೆಯಿತು. ಅದೇ ಕ್ಯಾಥೊಲಿಕ್ ಧರ್ಮಸಂಸ್ಥೆ 1633ರಲ್ಲಿ ಗೆಲಿಲಿಯೋನನ್ನು ವಿಚಾರಣೆಗೆ ನಿಲ್ಲಿಸಿತ್ತು. ಹೊಸ ಕ್ಯಾಲೆಂಡರನ್ನು ಬ್ರಿಟನ್ ಒಪ್ಪಿದ್ದು 1752ರಲ್ಲಿ. ಪೋಪನ ಹೆಸರಿನಿಂದ ಬಂತು ಎಂಬ ಮುನಿಸು ಅಲ್ಲಿ ಗಣಿತಕ್ಕಿಂತ ದೊಡ್ಡದಾಗಿತ್ತು.

ಪಂಚಾಂಗದಲ್ಲಿ ವಿಜ್ಞಾನ ಅಲ್ಲದ್ದು

ಗಣಿತ ನಿಖರವಾಗಿದೆ ಎಂದ ಮಾತ್ರಕ್ಕೆ ಪಕ್ಕದಲ್ಲಿ ಬರೆದಿರುವ ಫಲವೂ ನಿಖರ ಎಂದಾಗುವುದಿಲ್ಲ. ತಿಥಿ 6.16ಕ್ಕೆ ಮುಗಿಯುತ್ತದೆ ಎಂಬುದನ್ನು ಪರೀಕ್ಷಿಸಬಹುದು. ಆ ಹೊತ್ತಿನಲ್ಲಿ ಶುರುಮಾಡಿದ ಕೆಲಸ ಕೆಡುತ್ತದೆ ಎಂಬುದಕ್ಕೆ ಅಂಥ ಆಧಾರ ಸಿಕ್ಕಿಲ್ಲ. ಓದುಗರು ಇಲ್ಲಿ ಎಚ್ಚರದಿಂದ ಇರುವುದು ಒಳ್ಳೆಯದು. ನಿಮಿಷ, ಸೆಕೆಂಡುಗಳಲ್ಲಿ ಕೊಟ್ಟ ಅಂಕಿ ಇಡೀ ಸಾಲಿಗೆ ವಿಜ್ಞಾನದ ಕಳೆ ಕೊಟ್ಟುಬಿಡುತ್ತದೆ.

ರಾಹುಕಾಲ ಇದಕ್ಕೆ ಒಳ್ಳೆಯ ಉದಾಹರಣೆ. ಹಗಲನ್ನು ಎಂಟು ಭಾಗ ಮಾಡಿ ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ ವಾರದಿಂದ ನಿಗದಿ ಮಾಡುತ್ತಾರೆ. ಸೂರ್ಯೋದಯ 6ಕ್ಕೆ, ಸೂರ್ಯಾಸ್ತ ಸಂಜೆ 6ಕ್ಕೆ ಇದ್ದರೆ ಸೋಮವಾರ 7.30ರಿಂದ 9. ಖಗೋಳದಲ್ಲಿ ರಾಹು ಎಂದರೆ ಚಂದ್ರನ ಕಕ್ಷೆ ಸೂರ್ಯನ ದಾರಿಯನ್ನು ದಾಟುವ ಬಿಂದು, ಅದು 18.6 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ರಾಹುಕಾಲದ ಲೆಕ್ಕದಲ್ಲಿ ಆ ಬಿಂದು ಎಲ್ಲೂ ಬರುವುದಿಲ್ಲ.

ಗ್ರಹಣಕಾಲದ ಆಚರಣೆಗಳಲ್ಲಿಯೂ ಇದೇ ಗೆರೆ ಎಳೆದುಕೊಳ್ಳಬಹುದು. ಸ್ನಾನ, ಜಪ, ಉಪವಾಸ ನಂಬಿಕೆಯ ವಿಷಯ, ಅವನ್ನು ಅಳೆಯುವ ಅಗತ್ಯ ಯಾರಿಗೂ ಇಲ್ಲ. ಆದರೆ "ಗ್ರಹಣದ ಹೊತ್ತಿನಲ್ಲಿ ಸೂರ್ಯನಿಂದ ವಿಶೇಷ ವಿಷಕಿರಣ ಬರುತ್ತದೆ, ಅಡುಗೆ ಕೆಡುತ್ತದೆ" ಎಂದು ಹೇಳಿದ ಕೂಡಲೇ ಅದು ಪರೀಕ್ಷೆಗೆ ಒಳಪಡುವ ಮಾತಾಯಿತು, ಪರೀಕ್ಷೆಯಲ್ಲಿ ಅದು ನಿಲ್ಲುವುದಿಲ್ಲ. ಬೆಳಕು ಎಂದಿನದೇ, ಪ್ರಮಾಣ ಕಡಿಮೆ. ಕಣ್ಣಿಗೆ ಅಪಾಯ ಇರುವುದು ನಿಜ, ಮಬ್ಬಾದ ಸೂರ್ಯನನ್ನು ರಕ್ಷಣೆಯಿಲ್ಲದೆ ದಿಟ್ಟಿಸುವುದರಿಂದ.

ಪಂಚಾಂಗ ಕೊಳ್ಳುವಾಗ, ಓದುವಾಗ

ಮೊದಲ ಪುಟಗಳಲ್ಲಿ "ದೃಗ್ಗಣಿತ" ಎಂದಿದೆಯೋ, ಸೂರ್ಯಸಿದ್ಧಾಂತ ಅಥವಾ ಗ್ರಹಲಾಘವ ರೀತಿ ಎಂದಿದೆಯೋ ನೋಡಿ. ಅಲ್ಲಿ ಬರೆಯದಿದ್ದರೆ ಒಂದು ಪಾಡ್ಯದಿಂದ ಹುಣ್ಣಿಮೆಯವರೆಗಿನ ತಿಥಿಗಳ ಅವಧಿಯನ್ನು ಕಳೆದು ನೋಡಿ. ಬೇರೆ ಬೇರೆ ತಿಂಗಳುಗಳಲ್ಲಿ 54 ಘಳಿಗೆಗಿಂತ, ಅಂದರೆ 21 ಗಂಟೆ 36 ನಿಮಿಷಕ್ಕಿಂತ ಚಿಕ್ಕ ತಿಥಿಗಳು ಸಿಕ್ಕರೆ ಅದು ದೃಗ್ಗಣಿತ.

ಎರಡು ದೃಗ್ಗಣಿತ ಪಂಚಾಂಗಗಳಲ್ಲಿ ತಿಥಿ ಒಂದೇ ಇದ್ದು, ನಕ್ಷತ್ರ ಮತ್ತು ಸಂಕ್ರಮಣ ಬೇರೆಯಾದರೆ ಅಯನಾಂಶ ಬೇರೆ. ಎಲ್ಲ ಸಮಯಗಳೂ ಒಂದೇ ಇದ್ದು ಹಬ್ಬದ ದಿನ ಮಾತ್ರ ಬೇರೆಯಾದರೆ ಧರ್ಮಶಾಸ್ತ್ರದ ನಿಯಮ ಬೇರೆ, ಆಗ ನಿಮ್ಮ ಮನೆಯ ಹಿರಿಯರನ್ನೋ ಮಠವನ್ನೋ ಕೇಳುವುದೇ ಸರಿ. ಸೂರ್ಯೋದಯ ಯಾವ ಊರಿನದು ಎಂಬುದೂ ಮುಖ್ಯ. ಒಂದು ರೇಖಾಂಶಕ್ಕೆ 4 ನಿಮಿಷದಂತೆ ಬೆಂಗಳೂರಿಗೂ ಕೋಲ್ಕತ್ತಕ್ಕೂ ಸರಾಸರಿ 40 ನಿಮಿಷಕ್ಕೂ ಹೆಚ್ಚು ವ್ಯತ್ಯಾಸ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ಕ್ಯಾಲೆಂಡರಿನ ತಾರೀಕನ್ನೇ ಹಿಡಿದರೆ ಆಗಾಗ ಒಂದು ದಿನ ತಪ್ಪುತ್ತದೆ. ತಿಥಿ ಮುಗಿಯುವ ಕ್ಷಣ ಭೂಮಿಗೆಲ್ಲ ಒಂದೇ, ಗಡಿಯಾರ ತೋರಿಸುವ ಹೊತ್ತು ಬೇರೆ. ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಅಲ್ಲಿನ ಬೇಸಿಗೆಯ ಸಮಯ ಜಾರಿಯಲ್ಲಿರುವಾಗ, ಭಾರತದಲ್ಲಿ ಬೆಳಗ್ಗೆ 10ಕ್ಕೆ ಮುಗಿಯುವ ತಿಥಿ ನ್ಯೂಯಾರ್ಕಿನಲ್ಲಿ ಅದೇ ತಾರೀಕಿನ ನಡುರಾತ್ರಿ 12.30ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 9.30ಕ್ಕೆ ಮುಗಿದಿರುತ್ತದೆ. ಭಾರತದ ಸೂರ್ಯೋದಯದಲ್ಲಿ ಇದ್ದ ತಿಥಿ ಅಲ್ಲಿನ ಆ ತಾರೀಕಿನ ಸೂರ್ಯೋದಯದಲ್ಲಿ ಇರುವುದಿಲ್ಲ. ಮೊದಲು ತಿಥಿಯ ಸಮಯವನ್ನು ಅಲ್ಲಿನ ಗಡಿಯಾರಕ್ಕೆ ಬದಲಾಯಿಸಿ, ಆಮೇಲೆ ಅಲ್ಲಿನ ಸೂರ್ಯೋದಯ, ಸೂರ್ಯಾಸ್ತ ಹಿಡಿದು ನಿಯಮ ಅನ್ವಯಿಸಬೇಕು.